ಖಜಾಂಚಿಯವರು ಕೇಳಿದ ಪ್ರಶ್ನೆ

ಲಾಭರಹಿತ ಸಂಸ್ಥೆಯೊಂದರ ಕಾರ್ಯನಿರ್ವಾಹಕ ನಿರ್ದೇಶಕನಾಗುವ ಮುನ್ನ ಹನ್ನೊಂದು ವರ್ಷ ನಾನು ಅಲ್ಲಿಯೇ ಯೋಜನೆಗಳನ್ನು ನೋಡಿಕೊಳ್ಳುತ್ತಿದ್ದೆ. ಕೆಳಗಿನ ಕೆಲಸವನ್ನೆಲ್ಲ ಬಲ್ಲವನಿಗೆ ಮೇಲಿನ ಕುರ್ಚಿ ಭಾರವಾಗದು ಎಂದು ನನಗೂ, ನನ್ನನ್ನು ಆರಿಸಿದ ಆಡಳಿತ ಮಂಡಳಿಗೂ ಅನ್ನಿಸಿತ್ತು. ಆ ನಂಬಿಕೆ ಐದು ವಾರ ಉಳಿಯಿತು.

ನನ್ನ ಮೊದಲ ಹಣಕಾಸು ಸಭೆಗೆ ಒಂದೇ ಪುಟದ ವರದಿ ಒಯ್ದಿದ್ದೆ. ಬ್ಯಾಂಕಿನಲ್ಲಿದ್ದ ಮೊತ್ತ ಎಂಟು ತಿಂಗಳ ಖರ್ಚಿಗೆ ಸಾಲುವಂತಿತ್ತು, ಅದನ್ನು ಸ್ವಲ್ಪ ಹೆಮ್ಮೆಯಿಂದಲೇ ಓದಿದೆ. ನಿವೃತ್ತ ಲೆಕ್ಕಪರಿಶೋಧಕರಾದ ನಮ್ಮ ಖಜಾಂಚಿಯವರು ಆ ಮೊತ್ತಕ್ಕೆ ಪೆನ್ಸಿಲಿನಿಂದ ಸುತ್ತು ಹಾಕಿ, ಮೆಲ್ಲಗೆ, "ಇದರಲ್ಲಿ ಯಾವ ದಾನಿಯನ್ನೂ ಕೇಳದೆ ನಾವು ಖರ್ಚು ಮಾಡಬಹುದಾದದ್ದು ಎಷ್ಟು, ಹೇಳಿ" ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ಅಂದು ಸಂಜೆ ಲೆಕ್ಕಿಗರೊಂದಿಗೆ ಕುಳಿತು ಒಂದೊಂದು ಅನುದಾನದ ಒಪ್ಪಂದವನ್ನೂ ತೆರೆದು, ನಿರ್ದಿಷ್ಟ ಕೆಲಸಕ್ಕೆಂದೇ ಬಂದ ಹಣವನ್ನು ಕಳೆಯುತ್ತ ಹೋದಾಗ, ಕೊನೆಗೆ ಉಳಿದದ್ದು ಆರು ವಾರಗಳ ಸಂಬಳದಷ್ಟು ಮಾತ್ರ.

ಇಷ್ಟು ಕಲಿತ ಮೇಲೂ ನಾನು ಎಡವಿದೆ. ಆ ವರ್ಷದ ಕೊನೆಯಲ್ಲಿ ಬರಬೇಕಿದ್ದ ಅನುದಾನದ ಕಂತೊಂದು ತಡವಾದಾಗ, ಇನ್ನೊಂದು ಯೋಜನೆಗೆಂದು ಬಂದ ಹಣದಿಂದ ಸಂಬಳ ಕೊಡಿಸಿದೆ. ಹದಿನೈದು ದಿನಗಳಲ್ಲಿ ಕಂತು ಬಂದೇ ಬರುತ್ತದೆ, ಹಣ ಹಿಂದಿರುಗಿಸಿದರಾಯಿತು ಎಂಬ ಲೆಕ್ಕಾಚಾರ ನನ್ನದಾಗಿತ್ತು. ಕಂತು ಬರಲು ಎರಡು ತಿಂಗಳು ಹಿಡಿಯಿತು. ಅಷ್ಟರಲ್ಲಿ ಆ ಇನ್ನೊಂದು ಯೋಜನೆಯ ದಾನಿ ಖರ್ಚಿನ ವಿವರ ಕೇಳಿದ್ದರಿಂದ, ನಡೆದದ್ದನ್ನು ಒಪ್ಪಿಕೊಂಡು ಪತ್ರ ಬರೆಯಬೇಕಾಯಿತು. ಒಂದು ರೂಪಾಯಿಯೂ ಕಳೆದುಹೋಗಿರಲಿಲ್ಲ, ಆದರೆ ಷರತ್ತಿಗೆ ಒಳಪಟ್ಟ ಹಣವನ್ನು ಒಂದು ದಿನದ ಮಟ್ಟಿಗೆ ಬೇರೆಡೆ ಬಳಸಿದರೂ ಅದು ಒಪ್ಪಂದದ ಉಲ್ಲಂಘನೆಯೇ. ದಾನಿ ಕ್ಷಮಿಸಿದರು. ಮಂಡಳಿಯ ಅಧ್ಯಕ್ಷರಿಗೆ ಹೆಚ್ಚು ನೋವಾದದ್ದು ವಿಷಯ ತಮಗೆ ಆ ಪತ್ರದ ಪ್ರತಿಯಿಂದ ತಿಳಿಯಿತು ಎಂಬುದಕ್ಕೆ. ಅಂದಿನಿಂದ ಕೆಟ್ಟ ಸುದ್ದಿಯನ್ನು ಪರಿಹಾರ ಸಿಗುವವರೆಗೆ ಬಚ್ಚಿಟ್ಟುಕೊಳ್ಳದೆ, ಕೇಳಿದ ದಿನವೇ ಅವರಿಗೆ ಫೋನ್ ಮಾಡುತ್ತೇನೆ. ನಿರ್ದೇಶಕನನ್ನು ನೇಮಿಸುವುದೂ ತೆಗೆಯುವುದೂ ಮಂಡಳಿಯೇ ಆದ್ದರಿಂದ ಹೀಗೆ ಫೋನ್ ಮಾಡುವುದು ಸುಲಭವಲ್ಲ.

ಷರತ್ತಿಲ್ಲದ ಹಣ ಇಷ್ಟು ಕಡಿಮೆ ಏಕಿರುತ್ತದೆ ಎಂಬುದಕ್ಕೂ ಕಾರಣವಿದೆ. ಬಹಳಷ್ಟು ದಾನಿಗಳು ಯೋಜನೆಗೆ ಕೊಡುತ್ತಾರೆ, ಬಾಡಿಗೆಗೆ, ಲೆಕ್ಕಿಗರ ಸಂಬಳಕ್ಕೆ ಕೊಡಲು ಹಿಂಜರಿಯುತ್ತಾರೆ. ಸಂಸ್ಥೆಗಳೂ ಆಡಳಿತ ವೆಚ್ಚವನ್ನು ಕಡಿಮೆ ತೋರಿಸಿ ಹೊಗಳಿಸಿಕೊಳ್ಳುತ್ತವೆ, ನಾವೂ ಹಾಗೆಯೇ ಮಾಡುತ್ತಿದ್ದೆವು. ಅಮೆರಿಕದಲ್ಲಿ ದಾನಸಂಸ್ಥೆಗಳ ಮಾಹಿತಿ ಮತ್ತು ಮೌಲ್ಯಮಾಪನ ಒದಗಿಸುವ ಗೈಡ್‌ಸ್ಟಾರ್, ಚಾರಿಟಿ ನ್ಯಾವಿಗೇಟರ್, ಬಿಬಿಬಿ ವೈಸ್ ಗಿವಿಂಗ್ ಅಲಯನ್ಸ್ ಎಂಬ ಮೂರು ಸಂಸ್ಥೆಗಳು 2013ರಲ್ಲಿ ದಾನಿಗಳಿಗೆ ಬಹಿರಂಗ ಪತ್ರ ಬರೆದು, ಆಡಳಿತ ವೆಚ್ಚದ ಶೇಕಡಾವಾರು ಪ್ರಮಾಣವೊಂದರಿಂದಲೇ ಸಂಸ್ಥೆಯನ್ನು ಅಳೆಯಬಾರದೆಂದು ಕೇಳಿಕೊಂಡಿದ್ದವು. ಪೂರ್ಣಾವಧಿ ಲೆಕ್ಕಿಗರ ಹುದ್ದೆಗಾಗಿ ಮಂಡಳಿಯನ್ನು ಒಪ್ಪಿಸುವಾಗ ಆ ಪತ್ರವನ್ನು ಸಭೆಯ ಕಡತಕ್ಕೆ ಸೇರಿಸಿದ್ದೆ. ಪತ್ರಕ್ಕಿಂತ ನನ್ನ ತಪ್ಪಿನ ಕಥೆಯೇ ಹೆಚ್ಚು ಕೆಲಸ ಮಾಡಿತು ಎಂಬ ಅನುಮಾನ ಈಗಲೂ ಇದೆ.

ಈ ಹುದ್ದೆಯ ಕಡೆ ನಡೆಯುತ್ತಿರುವ ಕಿರಿಯರು ನನ್ನನ್ನು ಕೇಳುವುದು ಹೆಚ್ಚಾಗಿ ನಾಯಕತ್ವದ ತರಬೇತಿಗಳ ಬಗ್ಗೆ. ನಾನು ಅವರಿಗೆ ಸಂದರ್ಶನಕ್ಕೆ ಹೋಗುವ ಮುನ್ನ ಆ ಸಂಸ್ಥೆಯ ಹಿಂದಿನ ಮೂರು ವರ್ಷಗಳ ಲೆಕ್ಕಪರಿಶೋಧನಾ ವರದಿಯನ್ನು ಓದಿ ಎನ್ನುತ್ತೇನೆ. ಒಬ್ಬನೇ ದಾನಿಯಿಂದ ಆದಾಯದ ಎಷ್ಟು ಪಾಲು ಬರುತ್ತದೆ, ಆಪತ್ತಿಗೆಂದು ತೆಗೆದಿಟ್ಟ ನಿಧಿ ಇದೆಯೇ, ಹಿಂದಿನ ನಿರ್ದೇಶಕರು ಏಕೆ ಹೋದರು ಎಂಬುದನ್ನು ಮಂಡಳಿಯವರನ್ನೇ ನೇರವಾಗಿ ಕೇಳಬೇಕು. ಸ್ಥಾಪಕರು ಇನ್ನೂ ಮಂಡಳಿಯಲ್ಲಿದ್ದರೆ ಅವರೊಂದಿಗೆ ಪ್ರತ್ಯೇಕವಾಗಿ ಒಂದು ಗಂಟೆ ಮಾತನಾಡಬೇಕು.

ನಮ್ಮಲ್ಲಿ ಈಗ ಯೋಜನಾ ವ್ಯವಸ್ಥಾಪಕರು ಸರದಿಯ ಮೇಲೆ ಹಣಕಾಸು ಸಭೆಗೆ ಬರುತ್ತಾರೆ. ವರದಿಯ ಮೊದಲ ಸಾಲಿನಲ್ಲಿ ಬ್ಯಾಂಕಿನ ಮೊತ್ತದ ಬದಲು ಷರತ್ತಿಲ್ಲದ ಹಣ ಎಷ್ಟು ತಿಂಗಳಿಗೆ ಸಾಲುತ್ತದೆ ಎಂಬುದಿರುತ್ತದೆ. ಕಳೆದ ಸಭೆಯಲ್ಲಿ ಅದು ನಾಲ್ಕು ತಿಂಗಳಿಗೆ ಬಂದಿತ್ತು. ಖಜಾಂಚಿಯವರು ಆರಕ್ಕೆ ಯಾವಾಗ ತಲುಪುತ್ತೀರಿ ಎಂದು ಕೇಳಿದ್ದಾರೆ.