ಎರಡನೆಯ ಆಟಗಾರ ಎಲ್ಲಿ?

ಮುಂಗಡ ಹಣ ಕೇಳುವ ಆನ್‌ಲೈನ್ ಆಟವನ್ನು ಅನುಮಾನದಿಂದ ನೋಡುವವನಿಗೆ ಸಿನಿಕ ಎಂಬ ಹೆಸರು ಬೇಗ ಅಂಟಿಕೊಳ್ಳುತ್ತದೆ. ಮೊನ್ನೆ ಭಾನುವಾರ ಅಕ್ಕನ ಮಗನೂ ನನ್ನನ್ನು ಹಾಗೆಯೇ ಕರೆದ. ಮನಸ್ಸಿಗೆ ನೋವಾಯಿತು. ಈ ಆಟಗಳ ಮೇಲೆ ನನಗಿರುವಷ್ಟು ಪ್ರೀತಿ ನಮ್ಮ ಮನೆತನದಲ್ಲಿ ಇನ್ನಾರಿಗೂ ಇಲ್ಲ. ಧಾರವಾಡದ ಸೈಬರ್ ಕೆಫೆಯಲ್ಲಿ ಕುಳಿತು ರಾಗ್ನರಾಕ್ ಎಂಬ ಆನ್‌ಲೈನ್ ಆಟ ಆಡಿ ಬೆಳೆದವನು ನಾನು. ಅಲ್ಲಿ ಗಿಲ್ಡ್ ಎಂಬ ತಂಡ ಕಟ್ಟಿಕೊಂಡು ಜೊತೆಗೆ ಕಾದಾಡಿದ, ಮುಖವನ್ನೇ ನೋಡದ ಹುಡುಗರಲ್ಲಿ ಕೆಲವರು ಇಂದಿಗೂ ನನ್ನ ಆಪ್ತರು.

ಪುಣೆಯ ಕೋಥ್ರೂಡಿನಲ್ಲಿರುವ ಅಕ್ಕನ ಮನೆಯಲ್ಲಿ ರೊಟ್ಟಿ ಊಟ ಮುಗಿಸಿ ಕುಳಿತಿದ್ದೆ. ಎಂಜಿನಿಯರಿಂಗ್ ಎರಡನೆಯ ವರ್ಷದಲ್ಲಿರುವ ಹುಡುಗ ಲ್ಯಾಪ್‌ಟಾಪ್ ತೆರೆದು ಕಿಕ್‌ಸ್ಟಾರ್ಟರ್ ಎಂಬ, ಜನರಿಂದ ಮುಂಗಡ ಹಣ ಕೂಡಿಸುವ ತಾಣದಲ್ಲಿ ಹಣ ಎತ್ತುತ್ತಿದ್ದ ಹೊಸ ಆಟವೊಂದನ್ನು ತೋರಿಸಿದ. 250 ಡಾಲರ್ ಕೊಟ್ಟರೆ ಆಟದೊಳಗೆ ಒಂದು ತುಂಡು ಜಮೀನು, ಜೊತೆಗೊಂದು ಬಿರುದು. ನಮ್ಮ ಲೆಕ್ಕದಲ್ಲಿ ಇಪ್ಪತ್ತು ಸಾವಿರ ರೂಪಾಯಿಗೂ ಮೇಲೆ. ಶಾಲೆಯ ಮಕ್ಕಳಿಗೆ ಪಾಠ ಹೇಳಿ ಕೂಡಿಸಿದ ದುಡ್ಡು.

"ಕೂಡಿಸಬೇಕಾದ ಮೊತ್ತದ ಗುರಿ ಮುಟ್ಟದಿದ್ದರೆ ಹಣವನ್ನೇ ತೆಗೆದುಕೊಳ್ಳುವುದಿಲ್ಲ ಮಾಮಾ" ಎಂದ. ನಿಜ. ಆದರೆ ಗುರಿ ಮುಟ್ಟಿದ ಮೇಲೆ ಆಟ ಬಂದೇ ಬರುತ್ತದೆ ಎಂಬ ಖಾತರಿಯನ್ನು ಕಿಕ್‌ಸ್ಟಾರ್ಟರ್ ಕೊಡುವುದಿಲ್ಲ. ತಾನು ಅಂಗಡಿಯಲ್ಲ ಎಂದು ಅದೇ ಹೇಳಿಕೊಂಡಿದೆ.

ವಿಡಿಯೊ ನೋಡಿದೆವು. ಮಂಜು ಮುಸುಕಿದ ಕೋಟೆ, ಹುಲ್ಲಿನ ಒಂದೊಂದು ಎಸಳೂ ಗಾಳಿಗೆ ಬಾಗುವ ಬಯಲು, ಅದರ ನಡುವೆ ಕತ್ತಿ ಹಿಡಿದು ನಡೆಯುವ ಒಬ್ಬ ವೀರ. ಬಹಳ ಚೆನ್ನಾಗಿತ್ತು. ಮತ್ತೊಮ್ಮೆ ಹಾಕಿಸಿ ನೋಡಿದೆ. ಮೊದಲಿನಿಂದ ಕೊನೆಯವರೆಗೆ ಆ ವೀರ ಒಬ್ಬನೇ. ಸಾವಿರಾರು ಜನ ಕೂಡಿ ಆಡುವ ಆಟ ಎನ್ನುತ್ತಾರೆ, ಎರಡನೆಯ ಆಟಗಾರ ಎಲ್ಲಿ ಎಂದು ಕೇಳಿದೆ. ಹುಡುಗ ಸುಮ್ಮನಾದ.

ಹಿಂಜವಡಿಯಲ್ಲಿ ಸರ್ವರ್‌ಗಳನ್ನು, ಅಂದರೆ ಎಲ್ಲರನ್ನೂ ಜೋಡಿಸುವ ಕೇಂದ್ರ ಕಂಪ್ಯೂಟರ್‌ಗಳನ್ನು, ನೋಡಿಕೊಳ್ಳುವುದೇ ನನ್ನ ಕೆಲಸ, ಹಾಗಾಗಿ ನನ್ನ ಕಣ್ಣು ಅಲ್ಲಿಗೇ ಹೋಗುತ್ತದೆ. ಹಾಳೆಯ ಮೇಲೆ ಚುಕ್ಕೆಗಳನ್ನಿಟ್ಟು ತೋರಿಸಿದೆ. ಹತ್ತು ಜನ ಒಂದೆಡೆ ನಿಂತರೆ ಪ್ರತಿಯೊಬ್ಬನ ಚಲನೆ ಉಳಿದ ಒಂಬತ್ತು ಜನರಿಗೆ ತಲುಪಬೇಕು, ಅಂದರೆ 90 ಸುದ್ದಿ. ನೂರು ಜನರಾದರೆ 9,900. ಅದೂ ಸೆಕೆಂಡಿಗೆ ಹಲವು ಸಲ. ದೂರದವರ ಸುದ್ದಿಯನ್ನು ಬಿಟ್ಟು ಭಾರ ಇಳಿಸಬಹುದು, ಆದರೆ ಕೋಟೆಗೆ ಮುತ್ತಿಗೆ ಹಾಕಿದಾಗ ದೂರದವರು ಯಾರೂ ಇರುವುದಿಲ್ಲ. ಹುಲ್ಲು, ಮಂಜು ಇವೆಲ್ಲ ಕಲಾವಿದರು ಮಾಡಿಕೊಡಬಲ್ಲ ಕೆಲಸ. ಹಣವನ್ನೂ ವರ್ಷಗಳನ್ನೂ ನುಂಗುವುದು ಈ ಸುದ್ದಿ ಸಾಗಿಸುವ ಕೆಲಸ, ವಿಡಿಯೊದಲ್ಲಿ ಕಾಣದೆ ಉಳಿದದ್ದೂ ಇದೇ.

ಹಿಂದಿನದನ್ನೂ ಹೇಳಿದೆ. 2016ರಲ್ಲಿ ಕ್ರಾನಿಕಲ್ಸ್ ಆಫ್ ಎಲಿರಿಯಾ ಎಂಬ ಆಟ ಕಿಕ್‌ಸ್ಟಾರ್ಟರ್‌ನಲ್ಲಿ 13 ಲಕ್ಷ ಡಾಲರ್‌ಗೂ ಹೆಚ್ಚು ಕೂಡಿಸಿತು, ರಾಜ ಪದವಿಯನ್ನೂ ಮಾರಿತು. 2020ರ ಮಾರ್ಚ್‌ನಲ್ಲಿ ಹಣ ಮುಗಿಯಿತೆಂದು ಕೆಲಸಗಾರರನ್ನು ಮನೆಗೆ ಕಳುಹಿಸಿತು. ಕ್ರೋಫಾಲ್ 2015ರಲ್ಲಿ ಹಣ ಎತ್ತಿ 2021ರ ಜುಲೈನಲ್ಲಿ ಬಂದೇ ಬಂದಿತು, 2022ರ ನವೆಂಬರ್‌ನಲ್ಲಿ ಸರ್ವರ್ ನಿಂತಿತು. ನನಗೆ ಹೆಚ್ಚು ಸಂಕಟವಾಗುವುದು ಈ ಎರಡನೆಯದಕ್ಕೆ. ಪಿಲ್ಲರ್ಸ್ ಆಫ್ ಎಟರ್ನಿಟಿಯಂಥ ಒಬ್ಬರೇ ಆಡುವ ಆಟಕ್ಕೂ ಜನರೇ ಹಣ ಕೊಟ್ಟರು, 2015ರಲ್ಲಿ ಅದು ಕೈಗೆ ಬಂದಿತು, ಇಂದು ರಾತ್ರಿಯೂ ಆಡಬಹುದು. ಕೂಡಿ ಆಡುವ ಆಟ ಹಾಗಲ್ಲ. ಸರ್ವರ್ ನಿಂತ ದಿನ ನಮ್ಮ ಜಮೀನು, ಬಿರುದು, ಒಡನಾಡಿಗಳು ಒಟ್ಟಿಗೇ ಹೋಗುತ್ತಾರೆ.

"ಸ್ಟಾರ್ ಸಿಟಿಜನ್ ಆಡುವವರು ಇಂದಿಗೂ ಇದ್ದಾರಲ್ಲ?" ಎಂದ. ಇದ್ದಾರೆ. 2014ಕ್ಕೆ ಬರಬೇಕಿದ್ದ ಆಟ, ಜನ ಕೊಟ್ಟ ಹಣ 2022ಕ್ಕೆ 50 ಕೋಟಿ ಡಾಲರ್ ದಾಟಿದರೂ ಆಲ್ಫಾ ಎಂಬ ಅರೆಬರೆ ಪರೀಕ್ಷೆಯ ಹಂತದಲ್ಲೇ ಇತ್ತು. ಅದನ್ನು ಮೋಸ ಎನ್ನಲು ನನಗೆ ಬಾಯಿ ಬಾರದು. ಆಡಲು ಏನೋ ಇದೆ. ಪ್ರತಿ ಗುರಿ ದಾಟಿದಾಗಲೂ ಇನ್ನೊಂದು ಆಸೆ ಸೇರಿಸುತ್ತ ಹೋದರೆ ಆಟಕ್ಕೆ ದಡವೇ ಸಿಗುವುದಿಲ್ಲ, ಅಷ್ಟೇ.

ಚಹಾ ತಂದ ಅಕ್ಕ ಹೇಳಿದಳು: "ಸೊಸೈಟಿಯ ಗಣಪತಿಗೆ ವರ್ಗಣಿ ಕೊಟ್ಟರೆ ವಿಸರ್ಜನೆಯಾದ ಮೇಲೆ ನೋಟಿಸ್ ಬೋರ್ಡಿಗೆ ಖರ್ಚಿನ ಲೆಕ್ಕ ಹಚ್ಚುತ್ತಾರೆ. ಇವರು ಎಲ್ಲಿ ಹಚ್ಚುತ್ತಾರೆ?" ನಾವಿಬ್ಬರೂ ಪುಟವನ್ನು ಮೇಲಿಂದ ಕೆಳಗೆ ಹುಡುಕಿದೆವು. ಬಿರುದುಗಳ ಪಟ್ಟಿ ಉದ್ದಕ್ಕೆ ಇತ್ತು. ಸರ್ವರ್‌ಗೆಷ್ಟು, ಸಂಬಳಕ್ಕೆಷ್ಟು ಎಂಬುದು ಎಲ್ಲೂ ಇರಲಿಲ್ಲ.

"ಆದರೆ ಮಾಮಾ, ದೊಡ್ಡ ಕಂಪನಿಗಳು ಇಂಥ ಆಟ ಮಾಡುವುದಿಲ್ಲ. ನಾವೂ ಕೊಡದಿದ್ದರೆ ಮಾಡುವವರು ಯಾರು?" ಎಂದ. ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಪ್ರಾಜೆಕ್ಟ್ ಗಾರ್ಗನ್ ಎಂಬ ಪುಟ್ಟ ಆಟ 2015ರಲ್ಲಿ ಸುಮಾರು 75 ಸಾವಿರ ಡಾಲರ್‌ನಷ್ಟೇ ಕೂಡಿಸಿ ನಿಧಾನವಾಗಿ ಬೆಳೆದದ್ದು ಜನ ನಂಬಿ ಕೊಟ್ಟಿದ್ದರಿಂದಲೇ. ಅದಕ್ಕೇ ಕೊಡಬೇಡ ಎನ್ನಲಿಲ್ಲ. ಮಾಡುವವರನ್ನೇ ಕೇಳು ಎಂದೆ.

ಅಲ್ಲೇ ಕುಳಿತು ಅವರಿಗೆ ಬರೆದ: ಐವತ್ತು ಜನ ಒಂದೇ ಬಯಲಿನಲ್ಲಿ ಆಡುವ ವಿಡಿಯೊ, ಕತ್ತರಿಸದೆ, ತೋರಿಸುವಿರಾ? ಬಿರುದಿನ ಆಸೆ ಬಿಟ್ಟು ಸದ್ಯಕ್ಕೆ 25 ಡಾಲರ್‌ನ ಕೆಳಗಿನ ಹಂತವನ್ನು ಆರಿಸಿಕೊಂಡ.

"ಅವರು ನಿಜವಾಗಿಯೂ ತೋರಿಸಿದರೆ?" ಎಂದು ಕೇಳಿದ.

"ತೋರಿಸಿದರೆ ನಾನೂ ಕೊಡುತ್ತೇನೆ. ಗಿಲ್ಡ್‌ಗೆ ಹೆಸರು ನೀನು ಇಡು" ಎಂದೆ.