ಯುಪಿ ಮಕ್ಕಳ ಎದುರು ಜಾಝ್

ಬದಿಯಡ್ಕ, 24 ನವೆಂಬರ್ 2023, ಶುಕ್ರವಾರ

ನಮ್ಮ ಕನ್ನಡ ಮಾಧ್ಯಮ ಶಾಲೆಯ ಸಭಾಂಗಣದಲ್ಲಿ ಇಂದು ಅಪರಾಹ್ನ, ಮಂಗಳೂರಿನಿಂದ ಬಂದ ನಾಲ್ವರು ಯುವ ಕಲಾವಿದರು ಯುಪಿ (ಹಿರಿಯ ಪ್ರಾಥಮಿಕ) ತರಗತಿಗಳ ಮಕ್ಕಳಿಗೆ ಜಾಝ್ ಸಂಗೀತವನ್ನು ಪರಿಚಯಿಸಿದರು. ಸ್ಯಾಕ್ಸೊಫೋನ್, ಕೀಬೋರ್ಡ್, ಬೇಸ್ ಗಿಟಾರ್, ಡ್ರಮ್ಸ್ ಇದ್ದವು, ಭಾಷಣವಿರಲಿಲ್ಲ. ವಾದ್ಯಗಳ ಸುತ್ತಲೇ ಚಾಪೆ ಹಾಸಿ ಮಕ್ಕಳನ್ನು ಕೂರಿಸಿದ್ದು ಬಹಳ ಒಳ್ಳೆಯದಾಯಿತು.

ನಾಲ್ಕರ ಎಣಿಕೆಗೆ ಚಪ್ಪಾಳೆ ತಟ್ಟಲು ಹೇಳಿದಾಗ ಮಕ್ಕಳೆಲ್ಲ ಒಂದಕ್ಕೂ ಮೂರಕ್ಕೂ ತಟ್ಟಿದರು. ಜಾಝ್‌ನಲ್ಲಿ ಚಪ್ಪಾಳೆ ಬೀಳಬೇಕಾದದ್ದು ಎರಡಕ್ಕೆ ಮತ್ತು ನಾಲ್ಕಕ್ಕೆ. ಡ್ರಮ್ಸ್ ನುಡಿಸುವವರು ವಿವರಣೆಗೆ ಹೋಗದೆ, ಒಂದು ಮತ್ತು ಮೂರನ್ನು ಕಾಲಿಗೆ ಕೊಡಿ, ಉಳಿದೆರಡನ್ನು ಕೈಗೆ ಕೊಡಿ ಎಂದರು. ಸ್ವಲ್ಪ ಹೊತ್ತಿನಲ್ಲೇ ಎಲ್ಲರಿಗೂ ಅದು ಕೂಡಿಬಂತು. ಆಮೇಲೆ ಸ್ಯಾಕ್ಸೊಫೋನಿನ ಒಂದೊಂದು ತುಣುಕಿಗೆ ಮಕ್ಕಳು ದನಿಯಲ್ಲಿ ಉತ್ತರ ಕೊಟ್ಟರು. ಆಫ್ರಿಕಾದಿಂದ ಗುಲಾಮರಾಗಿ ಅಮೆರಿಕಕ್ಕೆ ಸಾಗಿಸಲ್ಪಟ್ಟವರು ದುಡಿಮೆಯ ಹಾಡುಗಳಲ್ಲೂ ಪ್ರಾರ್ಥನೆಗಳಲ್ಲೂ ಉಳಿಸಿಕೊಂಡು ಬಂದ ಈ ಕರೆ-ಓಗೊಡುವಿಕೆಯ ಕ್ರಮವೇ, 20ನೆಯ ಶತಮಾನದ ಆರಂಭದಲ್ಲಿ ನ್ಯೂ ಆರ್ಲಿಯನ್ಸಿನಲ್ಲಿ ರೂಪುಗೊಂಡ ಜಾಝಿನ ಬೇರುಗಳಲ್ಲೊಂದು ಎಂಬುದನ್ನು ಅವರು ಮಕ್ಕಳಿಗೆ ಮರೆಮಾಚದೆ ಹೇಳಿದ್ದು ನನಗೆ ಬಹಳ ಮುಖ್ಯವೆನಿಸಿತು.

ಸ್ಯಾಕ್ಸೊಫೋನ್ ನಮ್ಮ ಮಕ್ಕಳಿಗೆ ಹೊಸದಲ್ಲ. ಕದ್ರಿ ಗೋಪಾಲನಾಥರು ಅದರಲ್ಲಿ ಕರ್ನಾಟಕ ಸಂಗೀತದ ಗಮಕಗಳನ್ನು ಮೂಡಿಸಿದ ಮೇಲೆ ಈ ಕಡೆಯ ಜಾತ್ರೆ, ಮದುವೆಗಳಲ್ಲಿ ಅದು ಮನೆಮಾತಾಗಿದೆ. ಅದೇ ಗೋಪಾಲನಾಥರು ಮುಂಬಯಿಯ ಜಾಝ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿ ಅವರೊಂದಿಗೆ ನುಡಿಸಿದ್ದರು ಎಂಬುದು ಮಕ್ಕಳಿಗೆ ಹೊಸ ಸಂಗತಿಯಾಗಿತ್ತು.

ಆಶುವಾಗಿ ನುಡಿಸುವುದೆಂದರೇನು ಎಂಬ ಮಾತು ಬಂದಾಗ ನಾನು, ವೇಷವಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನವಾದ ತಾಳಮದ್ದಳೆಯನ್ನು ನೆನಪಿಸಿದೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯ ಮಕ್ಕಳಿಗೆ, ಪ್ರಸಂಗದ ಪದ್ಯ ಮೊದಲೇ ಬರೆದದ್ದು, ಅರ್ಥಧಾರಿಯ ಮಾತು ಆ ಹೊತ್ತಿಗೆ ಹುಟ್ಟಿದ್ದು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜಾಝಿನವರು ನುಡಿಸುವ ಬ್ಲೂಸ್ ಎಂಬ ಹಾಡಿನ ಪ್ರಕಾರದಲ್ಲಿ ಪದ್ಯದ ಜಾಗದಲ್ಲಿರುವುದು, ನಾಲ್ಕು ನಾಲ್ಕು ಎಣಿಕೆಯ 12 ಆವರ್ತಗಳ ಚೌಕಟ್ಟು. ಆಗ ಏಳನೆಯ ತರಗತಿಯ ಹುಡುಗಿಯೊಬ್ಬಳು ಎದ್ದು, "ಅರ್ಥ ಹೇಳುವಾಗ ಚೆಂಡೆ ಮದ್ದಳೆ ನಿಲ್ಲುತ್ತದೆ, ಇಲ್ಲಿ ಯಾಕೆ ನಿಲ್ಲುವುದಿಲ್ಲ?" ಎಂದು ಕೇಳಿದಳು. ನನ್ನ ಹೋಲಿಕೆ ಎಲ್ಲಿಗೆ ಮುಗಿಯುತ್ತದೋ ಅಲ್ಲಿಗೇ ಅವಳು ಬೆರಳಿಟ್ಟಿದ್ದಳು. ಉತ್ತರವಾಗಿ ಉಳಿದ ಮೂವರೂ ಕೈ ನಿಲ್ಲಿಸಿ, ಸ್ಯಾಕ್ಸೊಫೋನ್ ಒಂದೇ ಮುಂದುವರಿಯಿತು. ಎಷ್ಟನೆಯ ಆವರ್ತ ನಡೆಯುತ್ತಿದೆ ಎಂದು ಕೇಳಿದರೆ ಬೆರಳು ಮಡಚಿ ಎಣಿಸುತ್ತಿದ್ದ ಮಕ್ಕಳಲ್ಲೂ ಒಮ್ಮತವಿಲ್ಲ. ಬೇಸ್ ಮತ್ತೆ ಸೇರಿದ ಮೇಲೆ ಹತ್ತು, ಹನ್ನೊಂದು, ಹನ್ನೆರಡು ಎಂಬ ಎಣಿಕೆ ಒಂದೇ ದನಿಯಲ್ಲಿ ಬಂತು. ಒಬ್ಬರು ಆಶುವಾಗಿ ನುಡಿಸುತ್ತ ಸಾಗುವಾಗ ಉಳಿದವರು ಕಾಲವನ್ನೂ ಸ್ವರಗಳ ನೆಲೆಯನ್ನೂ ಕಾಯುತ್ತಾರೆ, ಅವರ ಜಾಡು ನೋಡಿ ತಮ್ಮದನ್ನೂ ಬದಲಿಸುತ್ತಾರೆ. ಧ್ವನಿಮುದ್ರಿಕೆ ಹಾಕಿ ಪಾಠ ಮಾಡಿದ್ದರೆ ಇದನ್ನು ಹೀಗೆ ತೋರಿಸಲು ಸಾಧ್ಯವಿರಲಿಲ್ಲ.

ಕೊನೆಯಲ್ಲಿ, ಇಷ್ಟವಿದ್ದವರು ನಾಲ್ಕು ಆವರ್ತಗಳನ್ನು ಬಾಯಲ್ಲೇ ತುಂಬಿಸಬೇಕಿತ್ತು. 1926ರಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ಅರ್ಥವಿಲ್ಲದ ಉಲಿಗಳಲ್ಲಿ ಹಾಡಿ ಮುದ್ರಿಸಿದ್ದನ್ನು ಕೀಬೋರ್ಡಿನವರು ಅನುಕರಿಸಿ ತೋರಿಸಿದ್ದೇ ತಡ, ಯಕ್ಷಗಾನ ಕಲಿಯುವ ಹುಡುಗನೊಬ್ಬ ಬಾಯಿತಾಳದಲ್ಲಿ ತೊಡಗಿ, ಹದಿನಾರನೆಯ ಎಣಿಕೆಗೆ ಸರಿಯಾಗಿ ನಿಲ್ಲಿಸಿದ. ಡ್ರಮ್ಸ್‌ನವರು ಅವನ ಬಾಯಿತಾಳದ ನುಡಿಗಳನ್ನೇ ಕೈಯಲ್ಲಿ ಮರಳಿಸಿದರು.

ಮುಂದಿನ ಸಲ ಒಂದೊಂದೇ ತರಗತಿಯನ್ನು ಕೂರಿಸಬೇಕು. ಇಂದು ಹಿಂದೆ ಕುಳಿತ ಹಲವರಿಗೆ ಸರದಿ ಸಿಗಲಿಲ್ಲ. ಊರಿನ ಮದ್ದಳೆಗಾರರೊಬ್ಬರನ್ನೂ ಕರೆಯುವ ಬಗ್ಗೆ ಕೇಳಿದಾಗ ನಾಲ್ವರೂ ಒಪ್ಪಿದ್ದಾರೆ.