ಗಡಿಯಾರ ತೆಗೆದ ಮೇಲೆ ಹ್ಯಾಂಬರ್ಗ್

ಜರ್ಮನಿಯ ಹ್ಯಾಂಬರ್ಗ್‌ಗೆ ಹೋದವರು ಬಂದರು ನೋಡುತ್ತಾರೆ, ಎಲ್ಬ್ ನದಿಯಲ್ಲಿ ದೋಣಿ ಹತ್ತುತ್ತಾರೆ, ಕೆಂಪು ಇಟ್ಟಿಗೆಯ ಹಳೇ ಗೋದಾಮುಗಳ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ನಾನೂ ಅದನ್ನೆಲ್ಲ ಮಾಡಿದೆ. ಚೆನ್ನಾಗಿದೆ, ಹೋಗಿ ನೋಡಿ. ಬಂದರಿನ ಹತ್ತಿರ ಎಲ್ಲರೂ ಹೊಗಳುವ ಮೀನಿನ ಬನ್ನು ಮಾತ್ರ ನನಗೆ ಹಿಡಿಸಲಿಲ್ಲ. ತಣ್ಣನೆಯ ಹುಳಿ ಮೀನು, ಮೇಲೆ ಹಸಿ ಈರುಳ್ಳಿ. ದಾಲ್ಚಿನ್ನಿ ಹಾಕಿದ ಫ್ರಾಂಟ್ಸ್‌ಬ್ರೋಟ್ಷೆನ್ ಅನ್ನುವ ಸಿಹಿ ಬನ್ನು ಸಿಕ್ಕರೆ ಬಿಡಬೇಡಿ, ಅದೇ ಸಾಕು.

ಆದರೆ ನಾನು ಬರೆಯಲು ಕೂತಿದ್ದು ಊರಿನ ಪಶ್ಚಿಮಕ್ಕಿರುವ ಫೋಕ್ಸ್‌ಪಾರ್ಕ್ ಸ್ಟೇಡಿಯಂ ಬಗ್ಗೆ. ಹ್ಯಾಂಬರ್ಗ್ ಎಸ್‌ವಿ ಫುಟ್‌ಬಾಲ್ ತಂಡದ ಮನೆ ಅದು. ಹೋಗಿದ್ದು 2025ರ ಜೂನ್‌ನಲ್ಲಿ. ಸೀಸನ್ ಮುಗಿದಿತ್ತು, ಮ್ಯಾಚ್ ಇರಲಿಲ್ಲ.

ನನ್ನ ಅಕ್ಕನ ಮಗ ಅಲ್ಲೇ ಓದುತ್ತಿದ್ದಾನೆ. "ಮ್ಯಾಚೂ ಇಲ್ಲ, ಏನೂ ಇಲ್ಲ, ಅಲ್ಲಿಗ್ಯಾಕೆ ಮಾವ?" ಅಂದ. ಅವನ ಅಸಡ್ಡೆಗೆ ಬೇರೆ ಕಾರಣವೂ ಇತ್ತು. ಅವನು ಇದೇ ಊರಿನ ಇನ್ನೊಂದು ತಂಡ ಸಾಂಕ್ಟ್ ಪೌಲಿಯ ಕಡೆಯವನು. ಆ ತಂಡದ ತಲೆಬುರುಡೆ ಚಿತ್ರ ಇರುವ ಕಪ್ಪು ಹೂಡಿ ಸ್ವೆಟರನ್ನೇ ಹಾಕಿಕೊಂಡು ಹೊರಟ. ಬೇಡ ಕಣೋ ಅಂದೆ. ಕೇಳಲಿಲ್ಲ.

ಹೋಟೆಲಿನ ಕೌಂಟರಿನಲ್ಲಿದ್ದವರು ಸ್ಟೆಲಿಂಗೆನ್ ಸ್ಟೇಷನ್ನಿನಲ್ಲಿ ಇಳಿದರೆ ಸ್ಟೇಡಿಯಂ ಬಾಗಿಲಿಗೇ ಬಸ್ ಇದೆ ಎಂದು ಆಣೆ ಮಾಡಿದ ಹಾಗೆ ಹೇಳಿದ್ದರು. ಇಳಿದು ನೋಡಿದರೆ ಬಸ್ಸೂ ಇಲ್ಲ, ಕಾಯುವ ಜನರೂ ಇಲ್ಲ. ಆ ಬಸ್ಸು ಓಡುವುದು ಮ್ಯಾಚ್ ದಿನ ಮಾತ್ರ. ಜಿಟಿಜಿಟಿ ಮಳೆ, ಇಪ್ಪತ್ತು ನಿಮಿಷಕ್ಕೂ ಜಾಸ್ತಿ ನಡಿಗೆ. ಹೋಗುವವರು ಕೊಡೆ ಹಿಡಿದುಕೊಂಡು ಹೋಗಿ. ಒಳಗೆ ತಿರುಗಿಸಿ ತೋರಿಸುವ ಟೂರ್ ಎಷ್ಟು ಹೊತ್ತಿಗೆ ಅನ್ನುವುದನ್ನು ಕ್ಲಬ್ಬಿನ ಪುಟದಲ್ಲೇ ನೋಡಿಕೊಳ್ಳಿ. ಹೋಟೆಲಿನವರನ್ನು ಕೇಳಬೇಡಿ.

ಸ್ಟೇಡಿಯಂ ಹೊರಗೆ ಮೊದಲು ಕಣ್ಣಿಗೆ ಬೀಳುವುದು ಒಂದು ಪಾದ. ಆಳಿಗಿಂತ ಎತ್ತರದ ಕಂಚಿನ ಬಲಗಾಲು. ಉಗುರು, ನರ, ಸುಕ್ಕು ಎಲ್ಲ ಎದ್ದು ಕಾಣುತ್ತದೆ. ಈ ತಂಡದ ಹಳೇ ಆಟಗಾರ ಊವೆ ಜೇಲರ್‌ನ ಪಾದ ಅದು. ಬುಂಡೆಸ್‌ಲೀಗಾದ, ಅಂದರೆ ಜರ್ಮನಿಯ ಮೊದಲ ಡಿವಿಷನ್ನಿನ, ಮೊದಲ ಸೀಸನ್ನಿನಲ್ಲಿ 30 ಗೋಲು ಹೊಡೆದವನು. 1961ರಲ್ಲಿ ಇಟಲಿಯ ಇಂಟರ್ ಮಿಲಾನ್ ಕಂತೆಗಟ್ಟಲೆ ದುಡ್ಡು ತೋರಿಸಿದರೂ ಊರು ಬಿಡಲಿಲ್ಲ. ಅವನು ತೀರಿಕೊಂಡಿದ್ದು 2022ರ ಜುಲೈನಲ್ಲಿ. ತನ್ನ ತಂಡ ಎರಡನೇ ಡಿವಿಷನ್ನಿಗೆ ಬಿದ್ದಿದ್ದನ್ನು ನೋಡಿದ, ಮತ್ತೆ ಮೇಲೆ ಬಂದಿದ್ದನ್ನು ನೋಡಲಿಲ್ಲ.

ಒಳಗೆ ಗೈಡ್ ಒಂದು ಮೂಲೆ ತೋರಿಸಿದರು. ಅಲ್ಲಿ ಮೊದಲು ಒಂದು ಗಡಿಯಾರ ಇತ್ತು. ಬುಂಡೆಸ್‌ಲೀಗಾ 1963ರಲ್ಲಿ 16 ತಂಡಗಳೊಂದಿಗೆ ಶುರುವಾಯಿತು. ಉಳಿದ 15 ತಂಡಗಳೂ ಒಂದಲ್ಲ ಒಂದು ವರ್ಷ ಕೆಳಗೆ ಬಿದ್ದವು, ಹ್ಯಾಂಬರ್ಗ್ ಒಂದು ಬೀಳಲಿಲ್ಲ. ಎಷ್ಟು ವರ್ಷ, ಎಷ್ಟು ದಿನ, ಎಷ್ಟು ಗಂಟೆಯಿಂದ ಬಿದ್ದಿಲ್ಲ ಅಂತ ಲೆಕ್ಕ ಹಾಕುತ್ತಿದ್ದ ಗಡಿಯಾರ ಅದು. 2018ರ ಮೇ 12ಕ್ಕೆ ಲೆಕ್ಕ ಮುಗಿಯಿತು: 54 ವರ್ಷ, 261 ದಿನ. ಆಮೇಲೆ ಅದೇ ಗಡಿಯಾರದಲ್ಲಿ ಕ್ಲಬ್ ಹುಟ್ಟಿದ 1887ರಿಂದ ಲೆಕ್ಕ ತೋರಿಸಿದರು. ಅದು ಯಾರಿಗೂ ರುಚಿಸಲಿಲ್ಲ ಅನ್ನಿಸುತ್ತೆ, 2019ರಲ್ಲಿ ತೆಗೆದೇ ಹಾಕಿದರು. ನನ್ನನ್ನು ಕೇಳಿದರೆ ಆ ಗಡಿಯಾರ ಮೊದಲಿಂದಲೂ ಬೇಡವಾಗಿತ್ತು. 1983ರಲ್ಲಿ ಅಥೆನ್ಸ್‌ನಲ್ಲಿ ಯುವೆಂಟಸ್‌ನ ಸೋಲಿಸಿ ಯುರೋಪಿಯನ್ ಕಪ್ ಎತ್ತಿದ ತಂಡ, 'ನಾವಿನ್ನೂ ಬಿದ್ದಿಲ್ಲ' ಅಂತ ಬೋರ್ಡ್ ಹಾಕಿಕೊಳ್ಳೋದಾ?

ಟೂರ್ ಮುಗಿಸಿ ವಾಪಸ್ ಹೋಗುವವರಿದ್ದೆವು. ಪಕ್ಕದಲ್ಲೇ ಅಭಿಮಾನಿಗಳ ಸ್ಮಶಾನ ಇದೆ ಅಂತ ಹುಡುಗನೇ ಹೇಳಿದ. ತಮಾಷೆ ಅಂದುಕೊಂಡೆ. ನಿಜಕ್ಕೂ ಇದೆ. ಆಲ್ಟೋನಾದ ದೊಡ್ಡ ಸ್ಮಶಾನದ ಒಂದು ಭಾಗವನ್ನು 2008ರಲ್ಲಿ ಈ ತಂಡದ ಅಭಿಮಾನಿಗಳಿಗೆಂದೇ ಬಿಟ್ಟುಕೊಟ್ಟಿದ್ದಾರೆ. ಒಳಗೆ ಹೋಗುವ ಬಾಗಿಲು ಗೋಲಿನ ಕಂಬಗಳ ಆಕಾರದಲ್ಲಿದೆ. ಸಮಾಧಿಗಳ ಮೇಲೆ ನೀಲಿ ಬಿಳಿ ಕಪ್ಪು ಬಣ್ಣದ ಕ್ಲಬ್ ಚಿಹ್ನೆ. ಒಂದರ ಮೇಲೆ ನೆನೆದು ತೊಪ್ಪೆಯಾದ ಸ್ಕಾರ್ಫ್ ಇತ್ತು.

ಅದರ ಹತ್ತಿರ ಒಬ್ಬ ವಯಸ್ಸಾದವರು ಬಗ್ಗಿ ಕಳೆ ಕೀಳುತ್ತಿದ್ದರು. ತಲೆಯೆತ್ತಿ "ಮೊಯಿನ್" ಅಂದರು. ಆಮೇಲೆ ಹುಡುಗನ ಎದೆಯ ಮೇಲಿನ ತಲೆಬುರುಡೆ ನೋಡಿದರು. ನನಗೆ ಎದೆ ಧಸಕ್ಕೆಂದಿತು. ಅವರು ನಿಧಾನವಾಗಿ ಏನೋ ಅಂದರು. ಹುಡುಗನ ಕಿವಿ ಕೆಂಪಾಯಿತು, ಜಿಪ್ ಪೂರ್ತಿ ಬಿಚ್ಚಿ ಹೂಡಿಯನ್ನು ಒಳಮೈ ಹೊರಗೆ ಮಾಡಿ ಹಾಕಿಕೊಂಡ. "ಏನಂದ್ರೋ?" ಅಂದೆ. "ಇಲ್ಲಿರೋರಿಗೆ ಎದ್ದು ಬಂದು ಹೊಡೆಯೋಕಾಗಲ್ಲ, ಅದಕ್ಕೇ ಹೀಗೆ ಮಾಡಬಾರದು ಅಂದ್ರು ಮಾವ."

ಅದು ಅವರ ಅಣ್ಣನ ಸಮಾಧಿ. ಅಣ್ಣ ಹೋಗಿದ್ದು 2018ರ ಶುರುವಿನಲ್ಲಿ, ಅಂದರೆ ತಂಡ ಬೀಳುವುದಕ್ಕೆ ಕೆಲವೇ ತಿಂಗಳ ಮೊದಲು. "ಪುಣ್ಯವಂತ" ಅಂದರು. ಅವರಿಗೆ ಇಂಗ್ಲಿಷ್ ಸ್ವಲ್ಪ ಬರುತ್ತಿತ್ತು. ಮಾತಿಗೆ ಬಿಸಿ ಏರಿದ ಹಾಗೆ ಜರ್ಮನ್‌ಗೆ ಜಾರುತ್ತಿದ್ದರು, ಹುಡುಗ ನನಗೆ ಹೇಳುತ್ತಿದ್ದ. ಮಳೆ ನಿಂತಿತ್ತು. ನಾವು ಅಲ್ಲೇ ಬೆಂಚಿನ ಮೇಲೆ ಕೂತೆವು. ಆ ದಿನ ನೋಡಬೇಕೆಂದುಕೊಂಡಿದ್ದ ಬೇರೆ ಯಾವುದನ್ನೂ ನೋಡಲಿಲ್ಲ.

ಗೊತ್ತಿಲ್ಲದವರಿಗೆ ಒಂದು ಮಾತು. ಬುಂಡೆಸ್‌ಲೀಗಾದಲ್ಲಿ ಈಗ 18 ತಂಡ. ಕೊನೆಯ ಎರಡು ತಂಡ ಸೀದಾ ಕೆಳಗೆ. ಹದಿನಾರನೇ ಸ್ಥಾನದ ತಂಡ, ಎರಡನೇ ಡಿವಿಷನ್ನಿನ ಮೂರನೇ ತಂಡದ ಜೊತೆ ಎರಡು ಮ್ಯಾಚ್ ಆಡಬೇಕು. ಗೆದ್ದವರು ಮೇಲೆ. ಇದಕ್ಕೇ ಪ್ಲೇಆಫ್ ಅನ್ನುವುದು.

2014ರಲ್ಲಿ ಹ್ಯಾಂಬರ್ಗ್ ಹದಿನಾರಕ್ಕೆ ಬಂತು, ಬರೀ 27 ಪಾಯಿಂಟ್ ಇಟ್ಟುಕೊಂಡು. ಒಂದೇ ಸೀಸನ್ನಿನಲ್ಲಿ ಮೂರು ಕೋಚ್. ಎದುರಾಳಿ ಗ್ರಾಯ್ಟರ್ ಫ್ಯೂರ್ಟ್. ಇಲ್ಲಿ 0-0, ಅಲ್ಲಿ 1-1. ಎದುರಾಳಿಯ ಮೈದಾನದಲ್ಲಿ ಹೊಡೆದ ಗೋಲಿಗೆ ಆಗ ಜಾಸ್ತಿ ಬೆಲೆ. ಲಾಸೋಗಾ ಹೊಡೆದ ಆ ಒಂದು ಗೋಲಿನಿಂದ ತಂಡ ಉಳಿಯಿತು. ಎರಡು ಮ್ಯಾಚಿನಲ್ಲಿ ಒಂದನ್ನೂ ಗೆಲ್ಲಲಿಲ್ಲ, ಆದರೂ ಉಳಿಯಿತು.

ಮುಂದಿನ ವರ್ಷ ಮತ್ತೆ ಹದಿನಾರು. ಈ ಸಲ ಕಾರ್ಲ್ಸ್‌ರೂ. ಇಲ್ಲಿ 1-1 ಆಗಿತ್ತು. ಎರಡನೇ ಮ್ಯಾಚ್ 2015ರ ಜೂನ್ 1ಕ್ಕೆ ಅವರ ಊರಿನಲ್ಲಿ. 78ನೇ ನಿಮಿಷಕ್ಕೆ ಕಾರ್ಲ್ಸ್‌ರೂ ಗೋಲು. 90 ನಿಮಿಷ ಮುಗಿಯಿತು, ಇಂಜುರಿ ಟೈಮ್ ಶುರು. ಆಗ ಚೆಂಡು ಕಾರ್ಲ್ಸ್‌ರೂದ ಯೋನಾಸ್ ಮೆಫರ್ಟ್‌ನ ಕೈಗೆ ಬಡಿಯಿತು. ರೆಫ್ರಿ ಫ್ರೀ ಕಿಕ್ ಕೊಟ್ಟರು. ಕೊಡಬೇಕಿತ್ತೋ ಬೇಡವೋ ಅಂತ ಇವತ್ತಿಗೂ ಜಗಳ ಇದೆ. ಚಿಲಿಯ ಮಾರ್ಸೆಲೊ ಡಿಯಾಸ್ ಹೊಡೆದ, ಗೋಡೆ ಕಟ್ಟಿ ನಿಂತವರ ಮೇಲಿಂದ ಚೆಂಡು ಒಳಗೆ. ಎಕ್ಸ್‌ಟ್ರಾ ಟೈಮ್‌ನಲ್ಲಿ 115ನೇ ನಿಮಿಷಕ್ಕೆ ನಿಕೊಲಾಯ್ ಮ್ಯೂಲರ್ ಇನ್ನೊಂದು ಹೊಡೆದ. ಅಲ್ಲಿಗೂ ಮುಗಿಯಲಿಲ್ಲ. ಕೊನೇ ಗಳಿಗೆಯಲ್ಲಿ ಕಾರ್ಲ್ಸ್‌ರೂಗೆ ಪೆನಾಲ್ಟಿ ಸಿಕ್ಕಿತು, ಹ್ಯಾಂಬರ್ಗ್‌ನ ಗೋಲಿ ಆಡ್ಲರ್ ತಡೆದುಬಿಟ್ಟ.

ಅಣ್ಣ ತಮ್ಮ ಇಬ್ಬರೂ ಅವತ್ತು ಮನೆಯ ಟೀವಿ ಮುಂದೆ ಇದ್ದರಂತೆ. 89ನೇ ನಿಮಿಷಕ್ಕೆ ಅಣ್ಣ ಎದ್ದು ಟೀವಿ ಆರಿಸಿ, ನಾಯಿ ಕರೆದುಕೊಂಡು ವಾಕಿಂಗ್ ಹೊರಟ. ಬೀದಿಯಲ್ಲಿ ಎಲ್ಲ ಕಿಟಕಿಗಳಿಂದ ಒಟ್ಟಿಗೇ ಕೂಗು ಕೇಳಿತು. ನಾಯಿಯನ್ನು ಬೀದಿಯಲ್ಲೇ ಬಿಟ್ಟು ಓಡಿ ಬಂದ. "ನಾಯಿ ಆಮೇಲೆ ತಾನಾಗಿಯೇ ಬಂತು" ಅಂದರು.

2017ರಲ್ಲಿ ಇನ್ನೊಂದು. ಕೊನೇ ದಿನ ವೋಲ್ಫ್ಸ್‌ಬರ್ಗ್ ವಿರುದ್ಧ 1-1, ಹಾಗೇ ಮುಗಿದಿದ್ದರೆ ಮತ್ತೆ ಹದಿನಾರು. ಬದಲಿ ಆಟಗಾರನಾಗಿ ಬಂದ ವಾಲ್ಡ್‌ಶ್ಮಿಟ್ 88ನೇ ನಿಮಿಷಕ್ಕೆ ತಲೆಯಲ್ಲಿ ಹೊಡೆದ. ಬುಂಡೆಸ್‌ಲೀಗಾದಲ್ಲಿ ಅವನ ಮೊದಲ ಗೋಲು ಅದು.

ಇಷ್ಟು ಹೇಳಿ ಅವರು ನನ್ನ ಮುಖ ನೋಡಿದರು. "ಖುಷಿ ವಿಷಯ ಅಂದುಕೊಂಡ್ರಾ?" ನಾನು ಹೌದು ಅಂದೆ. ಅವರು ಅಲ್ಲ ಅಂತ ತಲೆಯಾಡಿಸಿದರು. ಆ ಮೂರೂ ಸಲ ಬಂದ ಅದೃಷ್ಟ ಸಾಲ ಇದ್ದ ಹಾಗಂತೆ. 2014ರಲ್ಲೇ ಬಿದ್ದಿದ್ದರೆ ಒಂದೇ ವರ್ಷದಲ್ಲಿ ಎದ್ದು ಬರುತ್ತಿದ್ದೆವು. ಪ್ರತಿ ಸಲ ಉಳಿದಾಗಲೂ ಸರಿಯಾಗಿದ್ದೇವೆ ಅಂದುಕೊಂಡೆವು, ಅದೇ ತಪ್ಪು ಮತ್ತೆ ಮಾಡಿದೆವು. ಆಮೇಲೆ ಏಳು ವರ್ಷ ಬಡ್ಡಿ ಕಟ್ಟಿದೆವು.

ಆ ಬಡ್ಡಿ ಕಥೆ ಕೇಳಬೇಕು ನೀವು. ಬಿದ್ದ ಮೇಲೆ ಮೊದಲ ಮೂರು ಸೀಸನ್ನೂ ನಾಲ್ಕನೇ ಸ್ಥಾನ. ಅದರಲ್ಲೂ 2020. ಕೊನೇ ದಿನ, ಮೂರನೇ ಸ್ಥಾನದಲ್ಲಿದ್ದ ಹೈಡೆನ್‌ಹೈಮ್ ತಂಡ 0-3 ಸೋತಿತ್ತು. ಹ್ಯಾಂಬರ್ಗ್ ಸುಮ್ನೆ ಡ್ರಾ ಮಾಡಿಕೊಂಡಿದ್ದರೂ ಮೂರನೇ ಸ್ಥಾನ, ಪ್ಲೇಆಫ್. ಸಾಂಡ್‌ಹೌಸೆನ್ ಅನ್ನುವ ಚಿಕ್ಕ ಊರಿನ ತಂಡದ ಕೈಲಿ, ಇದೇ ಮೈದಾನದಲ್ಲಿ 1-5 ಸೋತಿತು. ಆ ಐದರಲ್ಲಿ ಒಂದು ಹೊಡೆದವನು ಡೀಕ್‌ಮಾಯರ್. ಹ್ಯಾಂಬರ್ಗ್‌ಗೆ ವರ್ಷಗಟ್ಟಲೆ ಆಡಿ ಬುಂಡೆಸ್‌ಲೀಗಾದಲ್ಲಿ ಒಂದು ಗೋಲೂ ಹೊಡೆಯದ ಡಿಫೆಂಡರ್ ಅವನು. 2022ರಲ್ಲಿ ಪ್ಲೇಆಫ್ ಸಿಕ್ಕಿತು, ಬರ್ಲಿನ್‌ನಲ್ಲಿ ಹೆರ್ಟಾವನ್ನು 1-0 ಸೋಲಿಸಿ ಬಂದು ಇಲ್ಲಿ 0-2 ಸೋತರು.

ಆದರೆ ಅವರು ಹೇಳಬೇಕೆಂದು ಕಾಯುತ್ತಿದ್ದುದು 2023ರ ಮೇ 28ರ ಬಗ್ಗೆ. ಅವತ್ತು ಅವರೇ ಸಾಂಡ್‌ಹೌಸೆನ್‌ಗೆ ಹೋಗಿದ್ದರು. ಮೂರನೇ ನಿಮಿಷಕ್ಕೇ ಹ್ಯಾಂಬರ್ಗ್‌ನ ಡೊಂಪೆ ಗೋಲು ಹೊಡೆದ. ಮ್ಯಾಚ್ 1-0ಗೆ ಮುಗಿಯಿತು. ಅತ್ತ ರೇಗನ್ಸ್‌ಬರ್ಗ್‌ನಲ್ಲಿ ಹೈಡೆನ್‌ಹೈಮ್ 1-2 ಹಿಂದಿತ್ತು. ಹಾಗೇ ಮುಗಿದರೆ ಹ್ಯಾಂಬರ್ಗ್ ಸೀದಾ ಮೇಲೆ. ಜನ ಮೈದಾನಕ್ಕೆ ನುಗ್ಗಿದರು. ಸ್ಟೇಡಿಯಂ ಮೈಕಿನಲ್ಲಿ ಅಭಿನಂದನೆಯೂ ಹೇಳಿಬಿಟ್ಟರು.

"ಮೈಕಿನಲ್ಲಿ!" ಅಂತ ಅವರು ಎರಡು ಸಲ ಅಂದರು.

ರೇಗನ್ಸ್‌ಬರ್ಗ್‌ನಲ್ಲಿ ಮ್ಯಾಚ್ ಮುಗಿದಿರಲಿಲ್ಲ. ಅಲ್ಲಿ 11 ನಿಮಿಷ ಇಂಜುರಿ ಟೈಮ್ ಕೊಟ್ಟಿದ್ದರು. ಇವರು ಮೈದಾನದ ಮಧ್ಯೆ ಯಾರೋ ಗುರುತಿಲ್ಲದ ಹುಡುಗಿಯನ್ನು ತಬ್ಬಿಕೊಂಡು ನಿಂತಿದ್ದರು. ಅವಳ ಭುಜದ ಮೇಲಿಂದ ಒಬ್ಬನ ಕೈಯಲ್ಲಿ ಫೋನ್ ಕಾಣುತ್ತಿತ್ತು. ಪೆನಾಲ್ಟಿ, 2-2. ಪರವಾಗಿಲ್ಲ, ಡ್ರಾ ಆದರೂ ನಾವೇ. ಆಗಲೂ ಹಾಡು ನಿಂತಿರಲಿಲ್ಲ. 99ನೇ ನಿಮಿಷಕ್ಕೆ ಕ್ಲೈನ್‌ಡೀನ್ಸ್ಟ್ ಹೊಡೆದ, 3-2. ಮೈದಾನದ ಒಂದು ಕಡೆಯಿಂದ ಹಾಡು ನಿಲ್ಲುತ್ತಾ ಬಂತಂತೆ. ಇನ್ನೊಂದು ಕಡೆಯವರು ಇನ್ನೂ ಕುಣಿಯುತ್ತಲೇ ಇದ್ದರು. "ಅವರಿಗೆ ಹೋಗಿ ಹೇಳಬೇಕೋ ಬೇಡವೋ ಗೊತ್ತಾಗಲಿಲ್ಲ."

ಹೈಡೆನ್‌ಹೈಮ್ ಚಾಂಪಿಯನ್ ಆಗಿ ಮೇಲೆ ಹೋಯಿತು. ಹ್ಯಾಂಬರ್ಗ್ ಪ್ಲೇಆಫ್‌ನಲ್ಲಿ ಸ್ಟುಟ್‌ಗಾರ್ಟ್ ಕೈಲಿ ಎರಡೂ ಮ್ಯಾಚ್ ಸೋತಿತು. ಮುಂದಿನ ವರ್ಷ ಮತ್ತೆ ನಾಲ್ಕನೇ ಸ್ಥಾನ. ಅದೇ ವರ್ಷ ಸಾಂಕ್ಟ್ ಪೌಲಿ ಮೇಲೆ ಹೋಯಿತು. ಇದನ್ನು ಹೇಳುವಾಗ ಹುಡುಗನ ಮುಖದಲ್ಲಿ ನಗು ಬಂತು. ಅವರು ನೋಡಿಯೂ ನೋಡದ ಹಾಗೆ ಇದ್ದರು.

ಕೊನೆಗೆ 2025ರ ಮೇ 10ಕ್ಕೆ ಉಲ್ಮ್ ತಂಡವನ್ನು ಇಲ್ಲೇ 6-1 ಸೋಲಿಸಿ ಮೇಲೆ ಬಂದರು. ಸಂಭ್ರಮದ ನೂಕುನುಗ್ಗಲಿನಲ್ಲಿ ಹತ್ತಾರು ಜನಕ್ಕೆ ಗಾಯ ಆಗಿದ್ದು ಬೇರೆ. ನೀವು ಮೈದಾನಕ್ಕೆ ಇಳಿದಿರಾ ಅಂತ ಕೇಳಿದೆ. ಇಲ್ಲವಂತೆ. ಸೀಟಿನಲ್ಲೇ ಕೂತು ಫೋನ್ ತೆಗೆದು ಬೇರೆ ಮ್ಯಾಚ್‌ಗಳ ಸ್ಕೋರ್ ನೋಡುತ್ತಿದ್ದರಂತೆ. ನೋಡಬೇಕಾದ ಅಗತ್ಯವೇ ಇರಲಿಲ್ಲ, ಆದರೂ.

ಅವರ ಸಾಲದ ಲೆಕ್ಕವನ್ನು ನಾನು ಪೂರ್ತಿ ಒಪ್ಪಲಿಲ್ಲ. ಕಾರ್ಲ್ಸ್‌ರೂ ರಾತ್ರಿ ಇರದಿದ್ದರೆ ಅಣ್ಣನ ಬಗ್ಗೆ ಹೇಳಲು ನಾಯಿ ಕಥೆ ಎಲ್ಲಿರುತ್ತಿತ್ತು? ಹಾಗಂತ ಹೇಳಿದೆ. ಹುಡುಗ ಅನುವಾದ ಮಾಡಿದ. ಅವರು ಸ್ವಲ್ಪ ಯೋಚಿಸಿ, ಮೆಫರ್ಟ್ ಈಗ ಎಲ್ಲಿದ್ದಾನೆ ಗೊತ್ತಾ ಅಂದರು. 2015ರಲ್ಲಿ ಕೈಗೆ ಚೆಂಡು ಬಡಿಸಿಕೊಂಡ ಅದೇ ಮೆಫರ್ಟ್ 2021ರಲ್ಲಿ ಹ್ಯಾಂಬರ್ಗ್‌ಗೇ ಬಂದ. 2025ರಲ್ಲಿ ಮೇಲೆ ಬಂದ ತಂಡದಲ್ಲಿ ಅವನೂ ಇದ್ದ. "ಅವನ ಕೈಗೆ ಎಷ್ಟು ಸಂಬಳ ಕೊಟ್ಟರೂ ಕಡಿಮೆ" ಅಂದು ಜೋರಾಗಿ ನಕ್ಕರು.

ಏಳುವಾಗ, ಮುಂದಿನ ಸೀಸನ್ನಿನಲ್ಲಿ ಎಷ್ಟನೇ ಸ್ಥಾನ ಬರಬಹುದು ಅಂತ ಕೇಳಿದೆ.

"ಹದಿನೈದು ಸಾಕು" ಅಂದರು. "ಹದಿನಾರು ಮಾತ್ರ ಬೇಡ, ನನಗೆ ವಯಸ್ಸಾಯ್ತು." ಆಮೇಲೆ ಹುಡುಗನ ಕಡೆ ತಿರುಗಿ ಜರ್ಮನ್‌ನಲ್ಲಿ ಏನೋ ಸೇರಿಸಿದರು. ಅವನು ಸ್ಟೇಷನ್ ಬರುವವರೆಗೂ ಅದನ್ನು ನನಗೆ ಹೇಳಲಿಲ್ಲ.

"ಹದಿನಾರನ್ನ ನಿಮ್ಮ ಪೌಲಿಗೆ ಬಿಟ್ಟುಕೊಡ್ತೀವಿ ಅಂದ್ರು ಮಾವ."